ಸರ್ಕಾರಕ್ಕೆ ನಾನು ಕೊಟ್ಟ ಪೂರ್ಣಾಧಿಕಾರ

ಬೆಳಗಿನ ಚಹಾ ಆರುವುದರೊಳಗೆ ನಾನು ಸರ್ಕಾರಕ್ಕೆ ಎರಡು ಸಲ ಅಧಿಕಾರ ಕೊಟ್ಟು ಮೂರು ಸಲ ಕಿತ್ತುಕೊಂಡಿರುತ್ತೇನೆ. ನಲ್ಲಿಯಲ್ಲಿ ನೀರು ಬಾರದ ದಿನ ಸರ್ಕಾರ ನಿರ್ವೀರ್ಯ. ಹೆಲ್ಮೆಟ್ಟಿಲ್ಲದೆ ತರಕಾರಿಗೆ ಹೊರಟ ನನ್ನನ್ನು ಪೊಲೀಸಪ್ಪ ತಡೆದ ದಿನ ಅದೇ ಸರ್ಕಾರ ನಿರಂಕುಶ. ಇದು ನನ್ನೊಬ್ಬನ ಚಾಳಿಯೆಂದು ತಾವು ಮುಗುಳ್ನಗಬೇಕಿಲ್ಲ. ಎದುರುಮನೆಯ ಮೆಟ್ಟಿಲು ರಸ್ತೆಗೆ ಚಾಚಿದರೆ ಕಾನೂನು ಎಲ್ಲಿ ಸತ್ತಿದೆ ಎಂದು ಗುಡುಗುವವರೂ, ತಮ್ಮ ಮೆಟ್ಟಿಲಿಗೆ ಪಾಲಿಕೆಯವರು ಟೇಪು ಹಿಡಿದರೆ ಪ್ರಜಾಪ್ರಭುತ್ವವೇ ಸತ್ತಿತೆಂದು ಗೋಳಾಡುವವರೂ ನಮ್ಮ ಬ್ರಹ್ಮಪುರ ಬಡಾವಣೆಯಲ್ಲಿ ಸಾಮಾನ್ಯವಾಗಿ ಒಬ್ಬರೇ ಆಗಿರುತ್ತಾರೆ.

ಇಂಥ ನನ್ನ ಬಳಿಗೆ ಕಳೆದ ತಿಂಗಳು ಕಾಲೇಜು ಹುಡುಗಿಯೊಬ್ಬಳು ಸಮೀಕ್ಷೆಯ ಹಾಳೆ ಹಿಡಿದು ಬಂದಳು. ಸರ್ಕಾರಕ್ಕೆ ಎಷ್ಟು ಅಧಿಕಾರವಿರಬೇಕು: ಹೆಚ್ಚೇ, ಈಗಿರುವಷ್ಟೇ, ಕಡಿಮೆಯೇ? ಮೂವತ್ತೈದು ವರ್ಷ ಪಿಯು ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತನಾದವನ ಅಭಿಪ್ರಾಯ ಕೇಳುವುದೆಂದರೆ ಹಸಿದವನಿಗೆ ಹೋಳಿಗೆ ಬಡಿಸಿದಂತೆ. ಸಾಲದ್ದಕ್ಕೆ ಹಿಂದಿನ ದಿನವಷ್ಟೇ ಊರಿನ ರೋಜಾ ಬಡಾವಣೆಯ ಬಳಿ, ನಡೆಯುವ ದಾರಿಯನ್ನು ಬಳೆಯ ಬುಟ್ಟಿಗಳೂ ಚಪ್ಪಲಿಯ ರಾಶಿಗಳೂ ನುಂಗಿದ್ದರಿಂದ ರಸ್ತೆಗಿಳಿದು, ಆಟೊ ಒಂದಕ್ಕೆ ಮೊಣಕಾಲು ಒಪ್ಪಿಸಿ ಬಂದಿದ್ದೆ. "ಹೆಚ್ಚು" ಎಂಬಲ್ಲಿ ಗುರುತು ಹಾಕಿಸಿ, ಪೂರ್ಣಾಧಿಕಾರವೇ ಬೇಕು, ರಸ್ತೆಬದಿಯವರ ಒಂದು ಮಾತನ್ನೂ ಕೇಳದೆ ಅಂಗಡಿಗಳನ್ನು ಎತ್ತಿಸಬೇಕು ಎಂದು ಪಕ್ಕದಲ್ಲಿ ಷರಾ ಬರೆಸಿದೆ. ಕೆಳಗೆ ಹೆಸರನ್ನೂ ಬರೆಸಿದೆ, ಅವಳು ಕೇಳಿರಲಿಲ್ಲ. "ಅವರ ಮೊಣಕಾಲು ಮಾತಾಡ್ಲಕತ್ತದ, ಬರ್ಕೋಬ್ಯಾಡವ್ವಾ" ಎಂದು ಹೆಂಡತಿ ಒಳಗಿನಿಂದಲೇ ಅಂದಳು.

ಅದಾದ ವಾರಕ್ಕೆ ಕಮಲಾಪುರಕ್ಕೆ ಹೋದೆ. ಅಲ್ಲಿ ಹೆದ್ದಾರಿಯ ಬದಿಯಲ್ಲಿ, ಒಂದು ತಗಡಿನ ನೆರಳಲ್ಲಿ ಬುಟ್ಟಿಗಳನ್ನಿಟ್ಟು ಕೆಂಪು ಬಾಳೆಹಣ್ಣು ಮಾರುವ ಮೌಲಾಬಿ ನನಗೆ ಇಪ್ಪತ್ತು ವರ್ಷದ ಪರಿಚಯ. ಆಕೆ ಹಣ್ಣನ್ನು ಗಿರಾಕಿಗೆ ಆರಿಸಲು ಬಿಡುವವಳಲ್ಲ. ಯಾವತ್ತು ತಿನ್ನುತ್ತೀರಿ, ಮನೆಯಲ್ಲಿ ಹಲ್ಲಿಲ್ಲದವರು ಇದ್ದಾರೆಯೇ, ಬಸ್ಸಿನಲ್ಲಿ ಎಷ್ಟು ದೂರ ಹೋಗಬೇಕು ಎಂದೆಲ್ಲ ವಿಚಾರಣೆ ನಡೆಸಿ, ತೊಟ್ಟಿನ ಬಳಿ ಹೆಬ್ಬೆರಳಿನಿಂದ ಒತ್ತಿ ನೋಡಿ ತಾನೇ ಕೊಡುತ್ತಾಳೆ. ಆ ಹಣ್ಣುಗಳ ಮೇಲೆ ಅವಳಿಗಿರುವಷ್ಟು ಅಧಿಕಾರ ಯಾವ ಚಕ್ರವರ್ತಿಗೂ ಪ್ರಜೆಗಳ ಮೇಲಿದ್ದಿರಲಾರದು. ಆದರೂ ನಾನು ತಕರಾರು ತೆಗೆದವನಲ್ಲ, ಏಕೆಂದರೆ ಅವಳು ಕೇಳಿಯೇ ಕೊಡುತ್ತಾಳೆ.

ಅಂದು ಅವಳು ಏನನ್ನೂ ಕೇಳಲಿಲ್ಲ. ಒಂದು ನೋಟಿಸನ್ನು ಕೈಗಿಟ್ಟು, "ಓದ್ರಿ ಮಾಸ್ತರ, ಒಂದ್ ಅಕ್ಷರ ಬಿಡಬ್ಯಾಡ್ರಿ" ಎಂದಳು. ನಾಳೆ ಸಂಜೆಯೊಳಗೆ ರಸ್ತೆಬದಿಯ ಅಂಗಡಿಗಳನ್ನೆಲ್ಲ ತೆಗೆಯತಕ್ಕದ್ದು, ಯಾವ ಅಹವಾಲನ್ನೂ ಕೇಳಲಾಗುವುದಿಲ್ಲ ಎಂದಿತ್ತು. ನನ್ನ ಷರಾಕ್ಕೂ ಈ ಕಾಗದಕ್ಕೂ ಸಂಬಂಧವಿರಲು ಸಾಧ್ಯವಿಲ್ಲವೆಂದು ಬುದ್ಧಿಗೆ ಗೊತ್ತಿತ್ತು. ಆದರೆ ವಾಕ್ಯ ನನ್ನದೇ. ಬಸ್ಸು ನಿಲ್ಲುವ ಆ ಜಾಗ ತಪ್ಪಿದರೆ ಅವಳ ಹಣ್ಣು ಕೇಳುವವರಿಲ್ಲ, ಮಾಗಿದ ಬಾಳೆ ಯಾರಿಗೂ ಕಾಯುವುದಿಲ್ಲ. ಅವಳ ಹೊಟ್ಟೆಪಾಡೆಲ್ಲ ಆ ತಗಡಿನ ನೆರಳಲ್ಲಿತ್ತು. ನನಗೆ ನಾಚಿಕೆಯಾಯಿತು.

ನಾಚಿಕೆ ಮುಚ್ಚಿಕೊಳ್ಳಲು ಪಂಡಿತನಿಗೆ ಗೊತ್ತಿರುವುದು ಒಂದೇ ದಾರಿ, ಪ್ರೌಢಗದ್ಯ. ಅಲ್ಲೇ ಕುಳಿತು, "ಪ್ರಭುತ್ವದ ಮದೋನ್ಮತ್ತ ಹಸ್ತಕ್ಷೇಪ" ಎಂದು ಶುರುಮಾಡಿ ಮೂರು ಪುಟದ ಅರ್ಜಿ ಬರೆದೆ. ವಾರದ ಹಿಂದೆ ಪೂರ್ಣಾಧಿಕಾರ ದಯಪಾಲಿಸಿದ್ದ ಸರ್ಕಾರದ ಬಳಿ ಮೂರನೆಯ ಪುಟದ ಹೊತ್ತಿಗೆ ಏನೂ ಉಳಿದಿರಲಿಲ್ಲ. ಗಟ್ಟಿಯಾಗಿ ಓದಿ ಹೇಳಿದರೆ ಮೌಲಾಬಿ ಗಾಬರಿಯಾದಳು.

"ಯಾ ಅಲ್ಲಾ, ಸರ್ಕಾರನೇ ಬ್ಯಾಡ ಅಂತ ಬರೀಬ್ಯಾಡ್ರಿ. ಹೋದ ವರ್ಷ ಲಾರಿ ನನ್ನ ಬುಟ್ಟಿ ಮ್ಯಾಲೇ ಹೋಯ್ತು, ನಾ ಚಹಾ ಕುಡೀಲಾಕ ಹೋಗಿದ್ದಕ್ಕ ಉಳದೀನಿ. ಲಾರಿಯವರಿಗಿ ಹೇಳಲಾಕ ಸರ್ಕಾರ ಬೇಕಲ್ರೀ. ಹತ್ತು ಹೆಜ್ಜಿ ಹಿಂದ ಸರೀತೀನಿ, ಬಸ್ಸಿನ ಮಂದಿಗಿ ಕಂಡ್ರ ಸಾಕು. ಬಂದು ನಿಂತು, ಜಗಾ ನೋಡಿ, ನನ್ನ ಮಾತು ಕೇಳಿ ಆಮ್ಯಾಲ ಹುಕುಂ ಮಾಡ್ರಿ ಅಂತ ಬರೀರಿ. ಅಷ್ಟ."

ಮೂವತ್ತೈದು ವರ್ಷ ಸಾರಾಂಶ ಬರೆಯುವುದನ್ನು ಕಲಿಸಿದವನು ನಾನು, ಸಾರಾಂಶ ಹೇಳಿದವಳು ಅವಳು. ಅಧಿಕಾರ ಎಷ್ಟಿರಬೇಕೆಂದು ಸೇರಿನಲ್ಲಿ ಅಳೆಯುವ ನಾವು, ಅದಕ್ಕೆ ಕಿವಿ ಇರಬೇಕೆಂಬುದನ್ನು ನಮ್ಮ ಸರದಿ ಬರುವತನಕ ನೆನೆಯುವುದೇ ಇಲ್ಲ. ಮೂರು ಪುಟಗಳನ್ನು ಹರಿದು ನಾಲ್ಕು ಸಾಲು ಬರೆದೆ. ಬರೆದ ಮೇಲೆ ತಡೆಯಲಾರದೆ ನನ್ನ ಸಮೀಕ್ಷೆಯ ಷರಾವನ್ನೂ ಅವಳಿಗೆ ಹೇಳಿಬಿಟ್ಟೆ.

ಮೌಲಾಬಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅರ್ಜಿಯನ್ನು ನನ್ನ ಕಡೆಗೇ ಸರಿಸಿದಳು. "ಹಂಗಾದ್ರ ಮೊದಲ ಸಹಿ ನೀವ್ ಹಾಕ್ರಿ. ಕೇಳಬ್ಯಾಡ್ರಿ ಅಂದವರು ನೀವೇ, ಕೇಳ್ರಿ ಅಂತನೂ ನೀವೇ ಹೇಳ್ರಿ."

ಹಾಕಿದೆ. ಅದರ ಕೆಳಗೆ ಅವಳು ಹಾಕಿದಳು. ಆ ಮಧ್ಯಾಹ್ನವೇ ಇಬ್ಬರೂ ಹೋಗಿ ನೋಟಿಸು ಹೊರಡಿಸಿದ್ದ ಕಚೇರಿಗೆ ಕೊಟ್ಟೆವು. ಮರುದಿನ ಬೆಳಿಗ್ಗೆ ನಾನು ಮತ್ತೆ ಕಮಲಾಪುರದ ಬಸ್ಸು ಹತ್ತಿದೆ.

ಅಧಿಕಾರಿ ಬಂದ, ತರುಣ. ರಸ್ತೆಯ ಅಂಚಿನಲ್ಲಿ ನಿಂತು ಅವಳ ಮಾತನ್ನೆಲ್ಲ ಕೇಳಿದ, ತಾನೇ ಹೆಜ್ಜೆ ಹಾಕಿ ಅಳೆದ. ಹತ್ತಲ್ಲ, ಹನ್ನೆರಡು ಹೆಜ್ಜೆ ಹಿಂದಕ್ಕೆ ಹೋಗಬೇಕು ಎಂದ. ಅಲ್ಲಿಂದಲೂ ಬಸ್ಸು ಕಾಣುತ್ತಿತ್ತು, ಮೌಲಾಬಿ ಒಪ್ಪಿದಳು. ಅರ್ಜಿಯ ಮೇಲೆ ಹಾಗೆಂದು ಬರೆಯುವಾಗ ಮೊದಲ ಸಹಿಯನ್ನು ನೋಡಿ ಅವನು ನನ್ನತ್ತ ತಿರುಗಿ, "ಅಂಗಡಿ ನಿಮ್ಮದೇನ್ರಿ ಸರ್?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಮೌಲಾಬಿ, ಬುಟ್ಟಿ ಎತ್ತುತ್ತಲೇ ಉತ್ತರ ಕೊಟ್ಟಳು. "ಅಂಗಡಿ ನಂದು ಸಾಹೇಬ್ರ. ತಪ್ಪು ಮಾಸ್ತರದು."