‘ಓದಿ ಹೇಳಲಾಗಿ ಸರಿಯೆಂದು ಒಪ್ಪಿದ್ದೇನೆ’

ದತ್ತಾತ್ರೇಯ ಅವರ ಮೊದಲ ಕಾದಂಬರಿ ನೂರಾ ನಲವತ್ತೆರಡನೇ ಪುಟದಲ್ಲಿ ನಿಂತು ಐದು ತಿಂಗಳಾಗಿತ್ತು. ಆ ಪುಟದಲ್ಲಿ ಶಂಕ್ರವ್ವ ಎಂಬ ಕೂಲಿ ಹೆಂಗಸು ಒಂದು ಹೇಳಿಕೆಗೆ ಹೆಬ್ಬೆಟ್ಟು ಒತ್ತುತ್ತಾಳೆ. ಕಟ್ಟಡದಿಂದ ಬಿದ್ದು ಸತ್ತ ತನ್ನ ಗಂಡ ಕುಡಿದಿದ್ದ ಎಂದು ಹೇಳಿಕೆಯಲ್ಲಿದೆ. ಗಂಡ ಕುಡಿಯುವವನಲ್ಲ. ಅದು ಶಂಕ್ರವ್ವನಿಗೂ ಗೊತ್ತು, ಓದುವವರಿಗೂ ಗೊತ್ತು. ಹಾಗಿದ್ದೂ ಏಕೆ ಒತ್ತಿದಳು ಎಂಬುದು ಬರೆಯುತ್ತಿದ್ದವರಿಗೇ ಗೊತ್ತಿರಲಿಲ್ಲ.

ಅರವತ್ತನಾಲ್ಕು ವರ್ಷದ ದತ್ತಾತ್ರೇಯ ಹಿಮಾಯತ್‌ನಗರದ ಹಿಂದಿನ ಗಲ್ಲಿಯಲ್ಲಿ ಮಗಳು ಸಂಪದಾ ಜೊತೆ ಇದ್ದಾರೆ. ಅಜ್ಜನ ಕಾಲಕ್ಕೇ ಬೀದರ್ ಕಡೆಯಿಂದ ನೌಕರಿಗೆ ಬಂದ ಮನೆತನ. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ತೆಲುಗು, ಹಿಂದಿ. ಕೆಲಸದ ಜಾಗದ ಅವಘಡಗಳ ವಿಚಾರಣೆ ನಡೆಸುವ ಸರ್ಕಾರಿ ಕಚೇರಿಯೊಂದರಲ್ಲಿ ಅವರು ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದರು. ರಾಯಚೂರು, ಯಾದಗಿರಿ ಕಡೆಯ ಕೂಲಿಯವರು ಬಂದರೆ ಇವರಿಗೆ ಕರೆ ಬರುತ್ತಿತ್ತು. ಬಂದವರು ಕನ್ನಡದಲ್ಲಿ ಹೇಳಿದ್ದನ್ನು ತೆಲುಗಿನಲ್ಲಿ ಬರೆಯಬೇಕು, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಬೇಕು, ಆಮೇಲೆ ಹೆಬ್ಬೆಟ್ಟು ಒತ್ತಿಸಬೇಕು. ಪ್ರತಿ ಹೇಳಿಕೆಯ ಕೊನೆಗೂ ಒಂದೇ ಸಾಲು: ‘ಓದಿ ಹೇಳಲಾಗಿ ಸರಿಯೆಂದು ಒಪ್ಪಿದ್ದೇನೆ.’

ಕಾದಂಬರಿಯ ಮೊದಲ ಕರಡಿನಲ್ಲಿ ಶಂಕ್ರವ್ವ ಮೇಸ್ತ್ರಿಗೆ ಹೆದರಿ ಒತ್ತಿದ್ದಳು. ಸಂಪದಾ ಒಪ್ಪಲಿಲ್ಲ.

“ಹಿಂದಿನ ಅಧ್ಯಾಯದಾಗ ಆಕಿ ಅದೇ ಮೇಸ್ತ್ರಿಗೆ ಚಪ್ಪಲಿ ತೋರಿಸ್ಯಾಳ. ಈಗ ಹೆದರ್ತಾಳೇನಪ್ಪಾ?”

ಎರಡನೇ ಕರಡಿನಲ್ಲಿ ಗಂಡನ ಮೇಲೆ ಸಿಟ್ಟಿತ್ತು. “ಇಬ್ಬರೂ ಒಂದೇ ತಾಟಿನಾಗ ಉಣ್ತಿದ್ರು ಅಂತ ನೀವೇ ಬರ್ದೀರಿ,” ಎಂದಳು. ಮೂರನೆಯದರಲ್ಲಿ ಅದೇ ಮೇಸ್ತ್ರಿಯ ಜೊತೆ ಗುಟ್ಟಿನ ಸ್ನೇಹ ಬಂತು. ಸಂಪದಾ ಹಾಳೆಗಳನ್ನು ಮಡಚಿ ವಾಪಸು ಕೊಟ್ಟಳು.

“ಸತ್ತವನ ಹೇಣ್ತಿಗೆ ಒಬ್ಬ ಗೆಳ್ಯಾನ್ನ ಹಚ್ಚಿಬಿಟ್ರ ಕಥಿ ಮುಗೀತೇನು? ನಿಜವಾದಾಕಿ ಇದ್ದಾಳಂತೀರಲ್ಲ, ಹೋಗಿ ಆಕಿನ್ನೇ ಕೇಳ್ರಿ.”

ನಿಜವಾದವಳು ಸುಗಲಮ್ಮ. ಆಕೆಯ ಗಂಡ ಹುಲಗೇಶ 2009ರಲ್ಲಿ ನಾಲ್ಕನೇ ಮಹಡಿಯಿಂದ ಬಿದ್ದು ಸತ್ತಿದ್ದ. ಕಾಲಡಿಯ ಹಲಗೆ ಜಾರಿತು ಎಂದು ಸುಗಲಮ್ಮ ಹೇಳಿದ್ದಳು. ಕುಡಿದಿದ್ದ ಎಂದು ಕಂಪನಿಯ ಕಡೆಯವನು ಹೇಳಿದ. ಅದನ್ನೂ ಆಕೆಯ ಹೇಳಿಕೆಯಲ್ಲೇ ಸೇರಿಸಿ ಎಂದರು ವಿಚಾರಣೆಯ ಸಾಹೇಬರು. ದತ್ತಾತ್ರೇಯ ಸೇರಿಸಿದರು. ಆಮೇಲೆ ಅದನ್ನು ಆಕೆಗೆ ಓದಿ ಹೇಳಿದೆ, ಆಕೆ ತಕರಾರಿಲ್ಲದೆ ಒತ್ತಿದಳು ಎಂದೇ ಅವರ ನೆನಪು. ಹದಿನೈದು ವರ್ಷ ಕಾಡಿದ್ದು ಆ ಮೌನ. ಕಾದಂಬರಿ ಹುಟ್ಟಿದ್ದೂ ಅದರಿಂದಲೇ.

ಎರಡು ಭಾನುವಾರ ಸುತ್ತಾಡಿದ ಮೇಲೆ ಊರಿನ ಇನ್ನೊಂದು ತುದಿಯ ನಾಚಾರಂನಲ್ಲಿ ಆಕೆ ಸಿಕ್ಕಳು. ಪ್ಲಾಸ್ಟಿಕ್ ಬಕೆಟ್ ಮಾಡುವ ಕಾರ್ಖಾನೆಯಲ್ಲಿ ಕೆಲಸ, ಅದರ ಹಿಂದೆಯೇ ತಗಡಿನ ಕೋಣೆ. ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

“ಗುರ್ತಾ ಸಿಕ್ತೇನು?”

“ಸಿಕ್ತ್ರಿ. ಕನ್ನಡದ ಸಾಹೇಬ್ರು. ತಲಿಮ್ಯಾಗಿನ ಕೂದ್ಲಾ ಎಲ್ಲಿ ಬಿಟ್ಟು ಬಂದ್ರಿ?”

ದತ್ತಾತ್ರೇಯ ನಕ್ಕರು. ನಂತರ ಸುತ್ತಿ ಬಳಸದೆ ಕೇಳಿದರು: “ಹುಲಗೇಶ ಕುಡಿದಿದ್ದ ಅಂತ ಬರ್ದಿತ್ತಲ್ಲ. ನೀವು ಯಾಕ ಹೆಬ್ಬಟ್ಟು ಒತ್ತಿದ್ರಿ?”

ಸುಗಲಮ್ಮನ ಕೈ ನಿಂತಿತು.

“ಬರ್ದಿತ್ತು ಅಂತ ನನಗ ಗೊತ್ತಾಗಿದ್ದು ಎರಡು ತಿಂಗಳಾದ ಮ್ಯಾಲ್ರಿ. ಮೈದುನ ಅಂಬಣ್ಣ ಆ ಕಾಗದ ಯಾರ ಕಡಿಂದನೋ ಓದಿಸ್ಕೊಂಡು ಬಂದಾ. ‘ನಮ್ಮಣ್ಣಗ ಕುಡುಕ ಅಂತ ಬರಿಸಿ ಬಂದಿ’ ಅಂತ ಮಂದಿ ಮುಂದ ಅಂದಾ. ಅವತ್ತಿಂದ ಆ ಮನಿ ಹೊಸ್ತಿಲಾ ತುಳಿದಿಲ್ಲ ನಾ. ಅತ್ತಿ ಸತ್ತಾಗೂ ಕರೀಲಿಲ್ಲ.”

“ನಾ ಓದಿ ಹೇಳಿದ್ನಲ್ಲ?”

“ಇಲ್ರಿ.”

“ಓದಿ ಹೇಳಲಾಗಿ ಅಂತ ಕೆಳಗ ಬರ್ದದ...”

“ಅದನ್ನ ಬರದವ್ರೂ ನೀವ ಅಲ್ರಿ?”

ಕಾರ್ಖಾನೆಯ ಒಳಗೆ ಯಂತ್ರವೊಂದು ಶುರುವಾಗಿ ನಿಂತಿತು. ಸುಗಲಮ್ಮ ದನಿ ಏರಿಸಲಿಲ್ಲ.

“ನೀವು ಗ್ವಾಡಿ ಗಡಿಯಾರ ನೋಡಿದ್ರಿ. ಇಲ್ಲಿ ಒತ್ತು ತಂಗಿ ಅಂದ್ರಿ. ಒತ್ತಿದ್ನಿ. ನಮ್ಮ ಮಾತು ಆಡೋ ಮನಷ್ಯಾ ಅಲ್ಲಿ ನೀವೊಬ್ರ ಇದ್ರಿ.”

ಗಡಿಯಾರ ಅವರಿಗೆ ನೆನಪಾಯಿತು. ಆ ಕಚೇರಿಯಲ್ಲಿ ನಾಲ್ಕು ಗಂಟೆಯ ಮೇಲೆ ಯಾರೂ ಯಾರಿಗೂ ಓದಿ ಹೇಳುತ್ತಿರಲಿಲ್ಲ. ಕೊನೆಯ ಸಾಲನ್ನು ಬೆಳಿಗ್ಗೆಯೇ ಹತ್ತಿಪ್ಪತ್ತು ಹಾಳೆಗಳ ಕೆಳಗೆ ಬರೆದಿಡುವ ರೂಢಿ ಇತ್ತು.

ಇಷ್ಟು ವರ್ಷದ ಮೇಲೆ ಈಗೇಕೆ ಕೇಳುತ್ತೀರಿ ಎಂದು ಸುಗಲಮ್ಮ ಕೇಳಿದಳು. ಪುಸ್ತಕ ಬರೆಯುತ್ತಿರುವುದನ್ನು ಹೇಳಬೇಕಾಯಿತು.

“ನನ್ನ ಮ್ಯಾಲೇನ್ರಿ? ಓದ್ರಿ ಮತ್ತ. ಈಗರೆ ಓದ್ರಿ.”

ಚೀಲದಲ್ಲಿದ್ದದ್ದು ಮೂರನೇ ಕರಡು. ದತ್ತಾತ್ರೇಯ ಓದತೊಡಗಿದರು. ಮೇಸ್ತ್ರಿ ಶಂಕ್ರವ್ವನ ಕೋಣೆಗೆ ಬರುವ ಕಡೆ ನಿಲ್ಲಿಸಿದರು.

“ಮುಂದ ಸರಿ ಬಂದಿಲ್ಲ.”

“ಸರಿ ಇಲ್ಲದ್ದನ್ನ ಬಿಟ್ಟು ಓದೂದು ನಿಮಗ ರೂಢಿ ಐತಿ. ಏನ್ ಬರ್ದೀರಿ ಅದನ್ನ ಓದ್ರಿ.”

ಅವರು ಓದಿದರು. ಮುಗಿಯುವವರೆಗೆ ಸುಗಲಮ್ಮ ಮೊರದಿಂದ ತಲೆ ಎತ್ತಲಿಲ್ಲ.

“ಅವಾಗ ಗಂಡನ್ನ ಕುಡುಕ ಮಾಡಿದ್ರಿ. ಈಗ ನನ್ನ ಸರದಿ. ಇದಕ್ಕೂ ಹೆಬ್ಬಟ್ಟು ಒತ್ತಬೇಕೇನ್ರಿ?”

ದತ್ತಾತ್ರೇಯ ಹೊರಡಲು ಎದ್ದಾಗ ಆಕೆ ಮತ್ತೆ ಮಾತಾಡಿದಳು. “ಪುಸ್ತಕ ಆಮ್ಯಾಲ ಬರೀರಿ ಸಾಹೇಬ್ರ. ಅಂಬಣ್ಣ ಊರಾಗ ಇದ್ದಾನ. ಓದಿ ಹೇಳಿಲ್ಲ ಅಂತ ಅವಗ ಒಂದು ಮಾತು ಹೇಳಿ ಬರ್ರಿ. ನಾ ಹೇಳಿದ್ರ ನಂಬಂಗಿಲ್ಲ.”

ಹೇಳುತ್ತೇನೆ ಎಂದು ಬಂದರು.

ಮೂರೂ ಕರಡುಗಳನ್ನು ದತ್ತಾತ್ರೇಯ ಈಗ ಹರಿದುಹಾಕಿದ್ದಾರೆ. ನೂರಾ ನಲವತ್ತೆರಡನೇ ಪುಟಕ್ಕೆ ಒಬ್ಬ ಗುಮಾಸ್ತ ಬಂದಿದ್ದಾನೆ. ಶಂಕ್ರವ್ವ ಏಕೆ ಒತ್ತಿದಳು ಎಂಬುದನ್ನು ಒಂದೇ ಸಾಲಿನಲ್ಲಿ ಬರೆದಾಗಿದೆ. ಗುಮಾಸ್ತ ಏಕೆ ಓದಲಿಲ್ಲ ಎಂಬಲ್ಲಿ ಬರವಣಿಗೆ ಮತ್ತೆ ನಿಂತಿದೆ. ಮನೆಯಲ್ಲಿ ಮಗಳಿಗೆ ಜ್ವರವಿತ್ತು ಎಂದು ಬರೆದು ನೋಡಿದರು.

“ಅವತ್ತು ನನಗ ಜ್ವರ ಇತ್ತೇನಪ್ಪಾ?” ಎಂದಳು ಸಂಪದಾ.

“ಇರಲಿಲ್ಲ.”

“ಮತ್ತ ಏನಿತ್ತು?”

“ನಾಲ್ಕೂ ಮೂವತ್ತೈದರ ಬಸ್ಸು.”

“ಹಂಗೇ ಬರೀರಿ.”

ಅಂಬಣ್ಣನ ಊರು ದೇವದುರ್ಗದ ಹತ್ತಿರ. ರಾಯಚೂರಿಗೆ ಬೆಳಿಗ್ಗೆ ಬಸ್ಸುಗಳಿವೆ, ಅಲ್ಲಿಂದ ಇನ್ನೊಂದು ಹಿಡಿಯಬೇಕು. ನಾಚಾರಂಗೆ ಹೋಗಿಬಂದು ಆರು ವಾರವಾಗಿದೆ. ಪ್ರತಿ ಶನಿವಾರ ಸಂಪದಾ ಅಪ್ಪನ ಚೀಲಕ್ಕೆ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ ಇಡುತ್ತಾಳೆ. ಸೋಮವಾರ ಬಾಟಲಿಯ ನೀರು ಚೆಲ್ಲಿ, ಬಟ್ಟೆಯನ್ನು ಕಪಾಟಿಗೆ ವಾಪಸು ಇಡುತ್ತಾಳೆ.