ಅಪ್ಪನನ್ನು ರಿಹರ್ಸಲ್ಲಿಗೆ ಕರೆದಿದ್ದರು

ಅಪ್ಪ ಸೈನಿಕನಾಗಿರಲಿಲ್ಲ. ನನ್ನ ಆಫೀಸಿನಲ್ಲಿ ಹಲವರು ಹಾಗೆ ತಿಳಿದಿದ್ದರು, ನಾನು ತಿದ್ದಲು ಹೋಗಿರಲಿಲ್ಲ. ಸಿಕಂದರಾಬಾದಿನಲ್ಲಿ ಸೈನಿಕರು ತಂಗುವ ಒಂದು ಪಲ್ಟನ್ ಲೈನಿನಲ್ಲಿ, ಬೂಟು ರಿಪೇರಿ ಮಾಡುವ ಕೋಣೆಯಲ್ಲಿ ಅವನು ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದ. ಪದಾತಿ ಪಡೆಗಳು ಬರುತ್ತಿದ್ದವು, ಎರಡು ಮೂರು ವರ್ಷ ಇದ್ದು ಗಡಿಗೆ ಹೋಗುತ್ತಿದ್ದವು. ಅಪ್ಪ ಅದೇ ಕೋಣೆಯಲ್ಲಿ ಇರುತ್ತಿದ್ದ.

ಹೊಸ ಬೂಟು ಕಚ್ಚುತ್ತದೆ ಎಂದು ಯಾರಾದರೂ ಬಂದರೆ ಅವನು ಬೂಟು ನೋಡುತ್ತಿರಲಿಲ್ಲ. ಬರಿಗಾಲನ್ನು ತನ್ನ ಮೊಣಕಾಲ ಮೇಲೆ ಇಡಲು ಹೇಳುತ್ತಿದ್ದ. ಹೊಸ ಹುಡುಗರು ವಯಸ್ಸಾದವನ ಮೈಮೇಲೆ ಕಾಲಿಡಲು ಅಂಜುತ್ತಿದ್ದರು. ರಜೆಯಲ್ಲಿ ಬುತ್ತಿ ಕೊಡಲು ಹೋದಾಗ ನಾನೇ ನೋಡಿದ್ದೇನೆ. ಅವರನ್ನು ಹಿಂದಿಯಲ್ಲಿ ಗದರಿಸಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಿದ್ದ: "ಬೂಟು ಏನೂ ಹೇಳಾಂಗಿಲ್ಲವ್ವಾ, ಕಾಲು ಹೇಳ್ತೈತಿ." ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋವಿರುವ ಜಾಗ ಹುಡುಕಿ, ಅಷ್ಟೇ ಜಾಗದಲ್ಲಿ ಚರ್ಮ ಹಿಗ್ಗಿಸುತ್ತಿದ್ದ.

ಅವನು ನಿವೃತ್ತನಾದ ಮೇಲೆ ನಾವು ಬಾಲಾನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ನಾನು ಎಂಸಿಎ ಮುಗಿಸಿ ಮಾಧಾಪುರದ ಒಂದು ಸಾಫ್ಟ್‌ವೇರ್ ಕಂಪನಿಗೆ ಸೇರಿದ್ದೆ. ಆಗ ಊರಲ್ಲಿ ಯಾರನ್ನು ನೋಡಿದರೂ ಕಂಪ್ಯೂಟರ್ ಕೋರ್ಸಿನ ಮಾತೇ. ಒಂದು ದಿನ ಅಪ್ಪನ ಹಳೆಯ ಪರಿಚಯದ ನಿವೃತ್ತ ಸುಬೇದಾರರೊಬ್ಬರು ಮನೆಗೆ ಬಂದು ಒಂದು ಫಾರಂ ಕೊಟ್ಟರು. ಪದಾತಿ ಸೈನಿಕರ ಸಂಘವೊಂದು, ಸಮವಸ್ತ್ರ ತೊಡದೆಯೂ ಪದಾತಿಗೆ ಸೇವೆ ಮಾಡಿದವರಿಗೆ ಗೌರವ ಪದಕ ಕೊಡುತ್ತದಂತೆ. "ಇವನಿಗೆ ಅಲ್ಲದೆ ಯಾರಿಗೆ ಕೊಡ್ತಾರೆ?" ಎಂದು ಹಿಂದಿಯಲ್ಲಿ ಹೇಳಿ ಚಹಾ ಕುಡಿದು ಹೋದರು.

ಅಪ್ಪ ಆ ಫಾರಮ್ಮನ್ನು ದೇವರ ಗೂಡಿನಲ್ಲಿ ಇಟ್ಟ. ಏನನ್ನೂ ಬೇಕು ಎಂದು ಅವನು ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿಲ್ಲ. ಅವತ್ತು ಮಾತ್ರ, "ಚೊಲೋತ್ನಾಗ ಬರಿ" ಅಂದ.

ಚೆನ್ನಾಗಿ ಬರೆಯುವುದೆಂದರೆ ನನಗೆ ಸರಿಯಾಗಿ ಬರೆಯುವುದು. ಎಷ್ಟು ವರ್ಷ, ಯಾವ ಕೋಣೆ, ಯಾವ ಕೆಲಸ, ಇಷ್ಟನ್ನೇ ಬರೆದೆ. ಅಪ್ಪನನ್ನು ಹೊಗಳಿ ಬರೆಯಲು ನಾಚಿಕೆಯಾಯಿತು. ಮೊಣಕಾಲಿನ ವಿಷಯ ಬರೆಯಲಿಲ್ಲ. ಅದು ಮನೆಯ ಮಾತು ಅನ್ನಿಸಿತು.

ಅದೇ ತಿಂಗಳು ನನ್ನ ಮ್ಯಾನೇಜರ್, ಬೆಂಗಳೂರಿನವರು, ನನ್ನ ಟೇಬಲ್ಲಿನ ಹತ್ತಿರ ಬಂದರು. ಕಂಪನಿ ತನ್ನ ಹಳೆಯ ಕಂಪ್ಯೂಟರುಗಳನ್ನು ಸೈನಿಕರ ಓದುವ ಕೋಣೆಗೆ ಕೊಟ್ಟಿತ್ತು. ಅದಕ್ಕಾಗಿ ನಮ್ಮ ಮುಖ್ಯಸ್ಥರಿಗೂ ಅದೇ ಗೌರವ ಪದಕ ಬರಲಿದೆ, ವೇದಿಕೆಯಲ್ಲಿ ಓದುವ ಪ್ರಶಂಸೆ ಬರೆದುಕೊಡಬೇಕು. "ನಿಮ್ ಫಾದರ್ ಆರ್ಮಿ ಅಲ್ವಾ? ನಿಮಗೆ ಆ ಫೀಲಿಂಗ್ ಗೊತ್ತಿರುತ್ತೆ. ಒಂದು ಪುಟ ಸಾಕು, ಸ್ವಲ್ಪ ಹಾರ್ಟ್ ಟಚಿಂಗ್ ಇರಲಿ."

ಹತ್ತು ಜನಕ್ಕೆ ಪದಕ ಕೊಡುತ್ತಾರೆ, ಅದರಲ್ಲಿ ಇವರೊಬ್ಬರು ಅಂದುಕೊಂಡೆ. ಎಷ್ಟು ಜನಕ್ಕೆ ಎಂದು ಫಾರಂನಲ್ಲಿ ಇರಲಿಲ್ಲ, ನಾನೂ ಕೇಳಲಿಲ್ಲ. ಹಳೆಯ ಕಂಪ್ಯೂಟರ್ ಬಗ್ಗೆ ಒಂದು ಪುಟ ತುಂಬುವಷ್ಟು ಏನಿದೆ? ಸಂಜೆಯವರೆಗೆ ಕೂತು, ಕೊನೆಗೆ ಇಂಗ್ಲಿಷಿನಲ್ಲಿ ಬರೆದೆ: ಸೈನಿಕನಿಗೆ ಏನು ಬೇಕೆಂದು ಇವರು ಮೇಜಿನ ಮುಂದೆ ಕೂತು ಊಹಿಸಲಿಲ್ಲ, ಅವನ ಕಾಲನ್ನು ತಮ್ಮ ಮೊಣಕಾಲ ಮೇಲಿಟ್ಟುಕೊಂಡು ಕೇಳಿದರು. ಮ್ಯಾನೇಜರಿಗೆ ಬಹಳ ಹಿಡಿಸಿತು. "ಸೂಪರ್ ರೀ, ಮೆಟಫರ್ ಚೆನ್ನಾಗಿದೆ" ಎಂದರು. ನನಗೆ ಖುಷಿಯಾಯಿತು. ಅದನ್ನೂ ಇಲ್ಲಿ ಹೇಳಬೇಕು.

ಮುಂದಿನ ತಿಂಗಳು, ಒಂದು ಸೋಮವಾರ ಸುಬೇದಾರರ ಫೋನ್ ಬಂತು. ಶುಕ್ರವಾರ ಸಮಾರಂಭ, ಗುರುವಾರ ಬೆಳಿಗ್ಗೆ ರಿಹರ್ಸಲ್, ಒಂಬತ್ತಕ್ಕೆ ಬಾ. ಅಷ್ಟೇ ಹೇಳಿ ಇಟ್ಟರು. ಅಪ್ಪ ರಿಸೀವರ್ ಇಟ್ಟು ನಮ್ಮನ್ನು ಕರೆದು ಹೇಳಿದ.

ಅವ್ವನಿಗೆ ಅನುಮಾನ. "ಪದಕ ಕೊಡ್ತೀವಿ ಅಂದ್ರೇನು? ಬರೇ ಬಾ ಅಂದ್ರೇನು? ಸರೀಗಿ ಕೇಳ್ರಿ."

"ಏ, ನಿನಗ ಫೌಜಿನ ರೀತಿ ಗೊತ್ತಿಲ್ಲ ಸುಮ್ಕಿರು. ಲಿಸ್ಟಿನಾಗ ಇಲ್ಲದವನ್ನ ರಿಹರ್ಸಲ್ಲಿಗೆ ಯಾರೂ ಕರಿಯಂಗಿಲ್ಲ. ಇಪ್ಪತ್ತೊಂಬತ್ತು ವರ್ಷ ನೋಡೀನಿ."

ಅದು ನಿಜವೇ. ಪದಕ ತೆಗೆದುಕೊಳ್ಳುವವರನ್ನು ಹಿಂದಿನ ದಿನ ಕರೆಸಿ, ಎಷ್ಟು ಹೆಜ್ಜೆ ನಡೆಯಬೇಕು, ಎಲ್ಲಿ ನಿಲ್ಲಬೇಕು ಎಂದು ಕಲಿಸುತ್ತಿದ್ದರು. ಅಂಥ ಎಷ್ಟೋ ರಿಹರ್ಸಲ್ಲುಗಳ ಬೂಟು ಅವನ ಕೈಯಿಂದ ಹೋಗಿದ್ದವು. ಅಬಿಡ್ಸಿಗೆ ಹೋಗಿ ಒಂದು ಕಂದುಬಣ್ಣದ ಕೋಟು ತಂದ. ದಿಲ್‌ಸುಖ್‌ನಗರದ ಸೋದರಮಾವನಿಗೆ ಫೋನ್ ಮಾಡಿ ಹೇಳಿದ. ಮಾವ, "ಭಾವಾರ, ಇನ್ಮ್ಯಾಗ ನಿಮಗ ಸಲ್ಯೂಟ್ ಹೊಡದ ಒಳಗ ಬರ್ಬೇಕೇನ್ರೀ ನಾವು?" ಎಂದು ಕೇಳಿದ್ದಕ್ಕೆ ಬಾಯ್ತುಂಬ ನಕ್ಕ.

ಗುರುವಾರ ನಾನು ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ. ಇಂಗ್ಲಿಷಿನಲ್ಲಿ ಏನಾದರೂ ಹೇಳಿದರೆ ತಿಳಿಸಲು ನಾನು ಬೇಕಿತ್ತು.

ಸುಬೇದಾರರು ಸಮಾರಂಭಕ್ಕೆ ಹಾಕಿದ್ದ ಶಾಮಿಯಾನದ ಹತ್ತಿರ ನಿಂತಿದ್ದರು. ಕೋಟು ನೋಡಿ ನಕ್ಕರು. "ಅರೇ ಉಸ್ತಾದ್! ದೂಲ್ಹಾ ಬನ್‌ಕೆ ಆಗಯೇ?" ಮದುಮಗನ ಹಾಗೆ ಬಂದಿದ್ದೀಯಲ್ಲ ಎಂದು. ಆಮೇಲೆ ಅವನ ಕೈ ನೋಡಿ, ಸಾಮಾನಿನ ಪೆಟ್ಟಿಗೆ ಎಲ್ಲಿ ಎಂದು ಕೇಳಿದರು. ನಾಳೆ ಗೌರವ ರಕ್ಷೆಗೆ ನಿಲ್ಲುವ ಆರು ಜನರ ಬೂಟಿನ ಹಿಮ್ಮಡಿಗೆ ಬಡಿದ ಕಬ್ಬಿಣದ ಲಾಳಗಳು ಸಡಿಲವಾಗಿದ್ದವು. ಅಪ್ಪನ ಕೋಣೆಯಲ್ಲಿ ಈಗಿರುವ ಹುಡುಗನಿಗೆ ಆ ಕೆಲಸ ಬರುವುದಿಲ್ಲವಂತೆ.

ಅಪ್ಪ ನನ್ನ ಕಡೆ ಒಂದು ಸಲ ನೋಡಿದ. ಪೆಟ್ಟಿಗೆ ಮನೆಯಲ್ಲಿದೆ, ಸುತ್ತಿಗೆ ಇದ್ದರೆ ಕೊಡಿ ಎಂದು ಹಿಂದಿಯಲ್ಲಿ ಹೇಳಿದ. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ವೇದಿಕೆಯ ಬದಿಯ ಮೆಟ್ಟಿಲ ಮೇಲೆ ಕೂತ.

ವೇದಿಕೆಯ ಮೇಲೆ ನಮ್ಮ ಮುಖ್ಯಸ್ಥರ ಬದಲಿಗೆ ಒಬ್ಬ ಗುಮಾಸ್ತನನ್ನು ನಿಲ್ಲಿಸಿದ್ದರು. ಅವನೊಬ್ಬನೇ. ಈ ವರ್ಷದ ಏಕೈಕ ಗೌರವ ಪದಕ ಎಂದು ಮೈಕಿನಲ್ಲಿ ಹೇಳಿದರು. ಆಮೇಲೆ ನಾನು ಬರೆದದ್ದನ್ನು ಓದತೊಡಗಿದರು. ಮೊಣಕಾಲು, ಕಾಲು, ಎಲ್ಲ ಬಂತು. ಇತ್ತ ಮೆಟ್ಟಿಲ ಮೇಲೆ ಅಪ್ಪ ಬೂಟನ್ನು ಮಗುಚಿ ಹಿಡಿದು ಮೊಳೆ ಬಡಿಯುತ್ತಿದ್ದ.

"ಏನಂತ ಓದಾಕತ್ತಾರ?" ಎಂದು ತಲೆ ಎತ್ತದೆ ಕೇಳಿದ.

"ಏನಿಲ್ಲ, ಯಾರೋ ದೊಡ್ಡವರ ಬಗ್ಗೆ" ಅಂದೆ.

ನನಗೆ ಬಂದ ಸಿಟ್ಟನ್ನು ಇಂದಿಗೂ ಅಳೆದು ಹೇಳಲಾರೆ. ಸಂಘದ ಮೇಲೆ, ಕೋಟು ನೋಡಿ ನಕ್ಕವರ ಮೇಲೆ, ಕಸದ ಕಂಪ್ಯೂಟರುಗಳ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಇಂಗ್ಲಿಷಿನ ಮೇಲೆ. ಅಪ್ಪನ ಅರ್ಜಿಗೆ ಕೊಡದ ಮಾತನ್ನು ಸಂಬಳ ಕೊಡುವವರಿಗೆ ಎತ್ತಿ ಕೊಟ್ಟಿದ್ದೆ. ಶುಕ್ರವಾರ ಸಮಾರಂಭಕ್ಕೆ ಆಫೀಸಿನವರೆಲ್ಲ ಬಸ್ಸಿನಲ್ಲಿ ಹೋದರು. ನಾನು ಜ್ವರ ಎಂದು ಹೇಳಿದೆ.

ಮುಂದಿನ ವಾರ ಆಫೀಸಿನ ಫೋನಿಗೆ ಸಂಘದ ಕಾರ್ಯದರ್ಶಿ ಕರೆ ಮಾಡಿದರು. ನಿಮ್ಮ ತಂದೆಯವರಿಗೆ ಒಂದು ಮೆಚ್ಚುಗೆ ಪತ್ರ ಸಿದ್ಧವಿದೆ, ಬಂದು ತೆಗೆದುಕೊಂಡು ಹೋಗಬಹುದು ಎಂದರು. "ನನ್ನ ತಂದೆಗೆ ಅದರಲ್ಲಿ ಆಸಕ್ತಿ ಇಲ್ಲ" ಎಂದು ಒಂದೊಂದು ಪದ ಬಿಡಿಸಿ ಹೇಳಿ ಫೋನ್ ಇಟ್ಟೆ. ಅವತ್ತು ಮಧ್ಯಾಹ್ನದ ಊಟ ರುಚಿಯಾಗಿತ್ತು.

ಮತ್ತೆ ಎರಡು ವಾರ ಕಳೆದು, ಭಾನುವಾರ ಬೆಳಿಗ್ಗೆ ಅಪ್ಪ ಕೇಳಿದ, "ಸಂಘದೋರು ಫೋನ್ ಮಾಡಿದ್ರೇನವ್ವಾ? ಪತ್ರ ಕೊಡಸ್ತೀನಿ ಅಂದಿದ್ದ ಸುಬೇದಾರ, ಅವತ್ತು ನೀ ಆಫೀಸಿಗೆ ಹೋದಮ್ಯಾಗ, ಬೂಟು ಬಡ್ಯಾಕತ್ತಾಗ. ನಿನ್ನ ಆಫೀಸಿನ ನಂಬರ್ ಕೊಟ್ಟೀನಿ."

ಸುಳ್ಳು ಹೇಳಬಹುದಿತ್ತು. ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಅಂಥ ಕಾಗದ ನಮಗೆ ಭಿಕ್ಷೆ ಇದ್ದ ಹಾಗೆ ಎಂದೂ ಸೇರಿಸಿದೆ.

ಅಪ್ಪನ ಮುಖ ಕೆಂಪಾಯಿತು. ಅವನು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು.

"ಪದಕ ಕೊಡಲಿಲ್ಲ, ಅದು ಅವರ ಮಾತು. ಪತ್ರದಾಗ ನನ್ನ ಹೆಸರು ಬರೆದಿದ್ರು. ಬ್ಯಾಡ ಅನ್ನಾಕ ನೀ ಯಾರು? ನನ್ನ ಒಂದ್ ಮಾತು ಕೇಳಿದಿಯೇನು?"

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಅಪ್ಪ ಅಂಗಿ ಹಾಕಿಕೊಂಡ. ಭಾನುವಾರ ಸಂಘದ ಕಚೇರಿ ಮುಚ್ಚಿರುತ್ತದೆ ಅಂದೆ. ಸುಬೇದಾರನ ಮನೆ ನನಗೆ ಗೊತ್ತು ಅಂದ. ನಾನೂ ಬರುತ್ತೇನೆ, ತಪ್ಪು ನನ್ನದು ಎಂದು ನಾನೇ ಅವರಿಗೆ ಹೇಳುತ್ತೇನೆ ಅಂದೆ.

"ನೀ ಬರಬ್ಯಾಡ" ಎಂದು ಚಪ್ಪಲಿ ಮೆಟ್ಟಿ ಬಸ್ ಸ್ಟಾಪಿನ ಕಡೆ ನಡೆದ.