ಬೇಡವೆಂದ ಬೆರಳು

ಹುಟ್ಟಿದ ಕೂಸಿಗೆ ಮೊದಲು ಬೆರಳಲ್ಲಿ ಜೇನು ನೆಕ್ಕಿಸಿದವರ ಗುಣವೇ ಬರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ನನ್ನ ತಂಗಿ ಬಸುರಿದ್ದಾಗ ಎಲ್ಲರೆದುರೇ ಹೇಳಿದ್ದಳು: "ಯಾರ ಬೆರಳಾದ್ರೂ ನಡೀತದ, ಅಕ್ಕನ ಬೆರಳ ಮಾತ್ರ ಬ್ಯಾಡ. ಅಕಿ ಸಿಟ್ಟ ನನ್ನ ಕೂಸಿಗೆ ಬಂದ್ರ ಮನಿ ಉಳೀತದೇನ?" ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದೇನೂ ಸುಳ್ಳಲ್ಲ.

ಕೊಲ್ಹಾಪುರದ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಹೆಣ್ಣುಕೂಸನ್ನು ತೆಗೆದರು. ಜೇನು ಹಚ್ಚಲು ನರ್ಸ್ ಯಾರನ್ನೂ ಬಿಡಲಿಲ್ಲ. ರಕ್ತ ನಿಲ್ಲದೆ ಮರುದಿನ ತಂಗಿ ಹೋದಳು. ಕೂಸನ್ನು ಒಮ್ಮೆಯೂ ಎದೆಗೆ ಹಾಕಿಕೊಳ್ಳಲು ಅವಳಿಗೆ ಆಗಲೇ ಇಲ್ಲ. ನನ್ನ ಮಗ ಆಗಿನ್ನೂ ಹಾಲು ಬಿಟ್ಟಿರಲಿಲ್ಲವಾದ್ದರಿಂದ ಕೂಸನ್ನು ಇಚಲಕರಂಜಿಯ ಶಹಾಪುರ ಓಣಿಯ ನಮ್ಮ ಮನೆಗೆ ತಂದು ನಾನೇ ಹಾಲು ಕೊಟ್ಟೆ.

ಮನೆಯ ಹಿಂದೆಯೇ ಪವರ್‌ಲೂಮ್ ಶೆಡ್ಡು. ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳ ಖಟಖಟ ನಿಂತೊಡನೆ ತಂಗಿ ಬಾಗಿಲಲ್ಲಿ ಬಂದು ನಿಂತಂತಾಗುತ್ತಿತ್ತು. "ಬ್ಯಾಡ ಅಕ್ಕಾ." ಕೂಸು ಲೊಚಲೊಚನೆ ಕುಡಿಯುತ್ತಲೇ ಇರುತ್ತಿತ್ತು. ನನಗೆ ಹೆದರಿಕೆ. ಸೆರಗು ಎಳೆದುಕೊಂಡು ಬಾಗಿಲಿಗೆ ಬೆನ್ನು ಮಾಡಿ ಕೂಡುತ್ತಿದ್ದೆ.

ಲಸಿಕೆ ಹಾಕಿಸಲು ಹೋದಾಗ ಡಾಕ್ಟರಮ್ಮ ತಿಳಿಸಿ ಹೇಳಿದರು. ಹುಟ್ಟುವಾಗ ಕೂಸಿನ ಕರುಳು ಹೆಚ್ಚುಕಡಿಮೆ ಬರಿದು. ಹೆರಿಗೆಯ ದಾರಿಯಲ್ಲಿ, ಆಮೇಲೆ ತಾಯಿಯ ಮೈಯಿಂದ, ಹಾಲಿನಿಂದ ಒಳ್ಳೆಯ ಸೂಕ್ಷ್ಮಜೀವಿಗಳು ಒಳಹೋಗಿ ನೆಲೆಸುತ್ತವೆ. ಹೊಟ್ಟೆ ಕೊಯ್ದು ತೆಗೆದ ಕೂಸಿಗೆ ಆ ಮೊದಲ ದಾರಿ ತಪ್ಪುತ್ತದೆ. "ದುಧಾಲಾ ವಿರಜಣ ಲಾವತೊ ನಾ, ತಸಂಚ್," ಎಂದು ಮರಾಠಿಯಲ್ಲಿ ಅಂದರು. ಹಾಲಿಗೆ ಹೆಪ್ಪು ಹಾಕುತ್ತೇವಲ್ಲ, ಹಾಗೆಯೇ. ಈ ಕೂಸಿಗೆ ಬಿದ್ದದ್ದು ನಿಮ್ಮ ಹೆಪ್ಪು ಎಂದು ನನ್ನ ಬೆನ್ನು ತಟ್ಟಿದರು.

ಅವರೇನೋ ಹೊಗಳಿದರು, ನಾನು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದುಬಂದೆ. ಬೆರಳೂ ಬೇಡವೆಂದವಳ ಮಗಳ ಕರುಳಿನೊಳಗೇ ನಾನು ಹೊಕ್ಕು ಕೂತಿದ್ದೆ. ಹಾಗಾದರೆ ಅವಳದೆಂದು ಏನು ಉಳಿಯಿತು?

ಆ ವಾರವೇ ಕೂಸನ್ನೆತ್ತಿಕೊಂಡು ಗಡಹಿಂಗ್ಲಜಕ್ಕೆ, ತವರಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಸಿದ ಕೂಸು ಕೆಂಪಗಾಗಿ ಚೀರಿ ಕಾಲು ಝಾಡಿಸಿತು.

"ನೋಡವ್ವಾ, ನನ್ನ ಸಿಟ್ಟ ಬಂದದ. ಅಕಿದು ಏನೂ ಉಳೀಲಿಲ್ಲ ಇದರಾಗ," ಎಂದು ಅತ್ತುಬಿಟ್ಟೆ.

ಅವ್ವ ಹಿಟ್ಟಿನ ಕೈಯಲ್ಲೇ ನನ್ನತ್ತ ತಿರುಗಿದಳು. "ಹುಚ್ಚಿ, ನಿಮ್ಮಿಬ್ಬರಿಗೂ ಹಾಲ ಕುಡಿಸಿದಾಕಿ ನಾನ. ನಾ ಹೊಲಕ್ಕ ಹೋದ್ರ ರೊಟ್ಟಿ ಅಗದ ಮೆತ್ತಗ ಮಾಡಿ ಅಕಿ ಬಾಯಾಗ ಇಡತಿದ್ದಾಕಿ ನೀನ. ಬೆರಳ ಬ್ಯಾಡ ಅಂದಳಂತ! ನಿನ್ನ ಎಂಜಲಾ ತಿಂದ ದೊಡ್ಡಾಕಿ ಆಗಿದ್ಲು."

ಅದು ನನಗೆ ಮರೆತೇ ಹೋಗಿತ್ತು. ತಂಗಿಯ ಹಲ್ಲಿಲ್ಲದ ಆ ಬಾಯಿ ರೊಟ್ಟಿ ಮುಗಿದ ಮೇಲೂ ನನ್ನ ಬೆರಳನ್ನು ಬಿಡದೆ ಚೀಪುತ್ತಿತ್ತು.

ಕೂಸನ್ನು ಎದೆಗೆ ಹಾಕಿಕೊಂಡೆ. ಅವತ್ತು ಬಾಗಿಲ ಕಡೆಗೇ ಮುಖ ಮಾಡಿ ಕೂತೆ, ಬಂದರೆ ಅವಳೂ ನೋಡಲಿ ಎಂದು.